ಹಂಗು ಬೇರೆ, ನಂಟು ಬೇರೆ: ಅಮೆರಿಕದ ಆಸರೆಯಲ್ಲಿ ಬೆಳೆದ ಯುರೋಪಿನ ಈಗಿನ ಪಾಡು

(ಮಹಿಳಾ ವಿಭಾಗದ ರಾಜ್ಯೋತ್ಸವ ಕೂಟದಲ್ಲಿ, ನವೆಂಬರ್ 2025ರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವರ್ಷದ ಕೂಟಕ್ಕೆ ‘ಸ್ವಾವಲಂಬನೆ’ ಎಂಬ ವಿಷಯ ಇಟ್ಟಿದ್ದೀರಿ. ನನಗಿಂತ ಮೊದಲು ಮಾತಾಡಿದವರು ಮನೆಯಲ್ಲೇ ಕೂತು ಮಾಡುವ ವ್ಯಾಪಾರದ ಬಗ್ಗೆ, ಹೆಣ್ಣುಮಕ್ಕಳ ಹೆಸರಿನಲ್ಲಿ ಇರಬೇಕಾದ ಬ್ಯಾಂಕ್ ಖಾತೆಯ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ನಾನು ಪುಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ 28 ವರ್ಷ ಇತಿಹಾಸ ಕಲಿಸಿದವಳು. ಆ ಹಳೆಯ ಚಟ ಬಿಟ್ಟಿಲ್ಲ. ಹಾಗಾಗಿ ಒಂದು ಇಡೀ ಖಂಡದ ಸ್ವಾವಲಂಬನೆಯ ಕತೆಯನ್ನು ನಿಮ್ಮ ಮುಂದಿಡುತ್ತೇನೆ. ಅದು ಯುರೋಪಿನ ಕತೆ. ‘ನಮಗೂ ಯುರೋಪಿಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಇಂದು ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್‌ಗಳಲ್ಲಿ ಇದ್ದಾರೆ. ನನ್ನ ಮಗಳು ಡೆನ್ಮಾರ್ಕಿನ ಆರ್ಹುಸ್ ಎಂಬ ಊರಿನಲ್ಲಿ ಹದಿನೆಂಟು ವರ್ಷಗಳಿಂದ ಇದ್ದಾಳೆ. ಸಮುದ್ರದಲ್ಲಿ ನಿಲ್ಲಿಸುವ ಗಾಳಿಯಂತ್ರಗಳ ವಿನ್ಯಾಸ ಅವಳ ಕೆಲಸ. ಈ ಬೇಸಿಗೆಯಲ್ಲಿ ಮೂರು ತಿಂಗಳು ಅವಳ ಮನೆಯಲ್ಲಿದ್ದೆ. ಅಲ್ಲಿ ಕಂಡದ್ದು, ಬಂದ ಮೇಲೆ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಅಂಗಡಿಯಿಂದಲೇ ಶುರು ಮಾಡೋಣ. ಹೋದ ಎರಡನೇ ದಿನ ಮಗಳ ಜೊತೆ ಸೂಪರ್ ಮಾರ್ಕೆಟ್‌ಗೆ ಹೋದೆ. ಕೆಲವು ಸಾಮಾನುಗಳ ಬೆಲೆಚೀಟಿಯ ಮೇಲೆ ಒಂದು ಪುಟ್ಟ ಕಪ್ಪು ನಕ್ಷತ್ರ ಇತ್ತು. ರಿಯಾಯಿತಿ ಇರಬೇಕು ಎಂದುಕೊಂಡು ನಕ್ಷತ್ರ ಇದ್ದದ್ದನ್ನೆಲ್ಲ ಬುಟ್ಟಿಗೆ ಹಾಕತೊಡಗಿದೆ. ಮಗಳು ನಕ್ಕಳು. “ಅವ್ವಾ, ಅದು ಡಿಸ್ಕೌಂಟ್ ಅಲ್ಲ. ಇದು ಯುರೋಪಿನ ಕಂಪನಿಯ ಮಾಲು ಅಂತ ಗುರುತು. ಅಮೆರಿಕದ್ದು ಬ್ಯಾಡ ಅನ್ನೋರು ನೋಡಿ ತಗೋತಾರ.” ಡೆನ್ಮಾರ್ಕಿನ ಅತಿದೊಡ್ಡ ಕಿರಾಣಿ ಸಮೂಹವಾದ ಸಾಲಿಂಗ್ ಗ್ರೂಪ್ 2025ರ ಮಾರ್ಚ್‌ನಲ್ಲಿ ಈ ಗುರುತು ಶುರು ಮಾಡಿತು. ಗಿರಾಕಿಗಳೇ ಕೇಳಿದರಂತೆ. ವಿದೇಶಿ ಬಟ್ಟೆ ಬೇಡ ಎಂದು ನಮ್ಮ ಅಜ್ಜಿಯರು ಹಟ ಹಿಡಿದ ಕತೆ ಕೇಳಿ ಬೆಳೆದವಳು ನಾನು. ಆದರೆ ಅದು ಆಳುವವರ ಮೇಲಿನ ಸಿಟ್ಟು. ಇಲ್ಲಿ ಸಿಟ್ಟು 75 ವರ್ಷದ ಗೆಳೆಯನ ಮೇಲೆ! ಇದು ಹೇಗಾಯಿತು?

ಸ್ವಲ್ಪ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದಾಗ ಯುರೋಪ್ ಬೂದಿಯಾಗಿತ್ತು. ಪೂರ್ವದಲ್ಲಿ ಸ್ಟಾಲಿನ್‌ನ ಸೈನ್ಯ ನಿಂತಿತ್ತು. 1949ರ ಮಾರ್ಚ್‌ನಲ್ಲಿ ಎಸ್ಟೋನಿಯಾದಿಂದ ಸಾವಿರಾರು ಕುಟುಂಬಗಳನ್ನು, ಹೆಚ್ಚಾಗಿ ಹೆಂಗಸರು ಮಕ್ಕಳನ್ನು, ರೈಲಿನಲ್ಲಿ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಅದರಲ್ಲಿ ಆರು ತಿಂಗಳ ಒಂದು ಹೆಣ್ಣು ಕೂಸೂ ಇತ್ತು. ಆ ಕೂಸು ಬದುಕಿ ಬೆಳೆಯಿತು. ಅದರ ಮಗಳೇ ಕಾಯಾ ಕಲ್ಲಾಸ್, ಇಂದು ಯುರೋಪಿಯನ್ ಒಕ್ಕೂಟದ ವಿದೇಶಾಂಗ ವ್ಯವಹಾರದ ಮುಖ್ಯಸ್ಥೆ. ಅದೇ ವರ್ಷ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸೇರಿ ನ್ಯಾಟೋ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಐದನೇ ವಿಧಿ ಸರಳ: ಒಬ್ಬರ ಮೇಲೆ ಬಿದ್ದ ಪೆಟ್ಟು ಎಲ್ಲರ ಮೇಲೆ ಬಿದ್ದ ಪೆಟ್ಟು. ಈಗ ಆ ಕೂಟದಲ್ಲಿ 32 ದೇಶಗಳಿವೆ. ಅಮೆರಿಕವನ್ನು ಬೈಯುವ ಮೊದಲು ಇದನ್ನು ನೆನಪಿಡಬೇಕು. ಆ ಆಸರೆ ಇಲ್ಲದಿದ್ದರೆ ಪಶ್ಚಿಮ ಯುರೋಪಿನ ಮಕ್ಕಳಿಗೆ ಅಷ್ಟು ನೆಮ್ಮದಿಯ ಬಾಲ್ಯ ಸಿಗುತ್ತಿರಲಿಲ್ಲ.

ಆಗಲೂ ಸ್ವಂತ ಕಾಲ ಮೇಲೆ ನಿಲ್ಲುವ ಯೋಚನೆ ಬಂದಿತ್ತು. 1950ರಲ್ಲಿ ಫ್ರಾನ್ಸಿನ ಪ್ರಧಾನಿ ರೆನೆ ಪ್ಲೆವೆನ್, ಯುರೋಪಿಗೆಲ್ಲ ಒಂದೇ ಸೈನ್ಯ ಇರಲಿ ಎಂಬ ಪ್ರಸ್ತಾಪ ಮಾಡಿದರು. 1952ರಲ್ಲಿ ಆರು ದೇಶಗಳು ಸಹಿ ಹಾಕಿದವು. ಕೊನೆಗೆ 1954ರ ಆಗಸ್ಟ್ 30ರಂದು ಅದನ್ನು ತಿರಸ್ಕರಿಸಿದ್ದು ಯಾರು? ಫ್ರಾನ್ಸಿನದೇ ಸಂಸತ್ತು! ಜರ್ಮನರ ಕೈಗೆ ಮತ್ತೆ ಬಂದೂಕು ಬರುತ್ತದೆ, ನಮ್ಮ ಸೈನ್ಯ ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂಬ ಭಯ. ಜಂಟಿ ಕುಟುಂಬದಲ್ಲಿ ಬೀಗದ ಕೈ ಯಾರ ಸೊಂಟದಲ್ಲಿ ಇರಬೇಕು ಎಂಬ ಜಗಳ ನಮಗೆ ಗೊತ್ತಿಲ್ಲದ್ದೇ? ಆ ಜಗಳ ಬಗೆಹರಿಯದೆ ಬೀಗದ ಕೈ ಅಮೆರಿಕದ ಬಳಿಯೇ ಉಳಿಯಿತು.

ಎರಡೇ ವರ್ಷಕ್ಕೆ ಇನ್ನೊಂದು ಪಾಠ ಆಯಿತು. 1956ರಲ್ಲಿ ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ ಮತ್ತು ಫ್ರಾನ್ಸ್ ಇಸ್ರೇಲಿನ ಜೊತೆ ಸೇರಿ ದಾಳಿ ಮಾಡಿದವು. ಅದು ಅನ್ಯಾಯದ ದಾಳಿಯೇ, ಅನುಮಾನ ಬೇಡ. ಆದರೆ ಅದನ್ನು ನಿಲ್ಲಿಸಿದ ರೀತಿ ನೋಡಿ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಒಂದು ಗುಂಡನ್ನೂ ಹಾರಿಸಲಿಲ್ಲ. ಪೌಂಡ್ ಕುಸಿಯುತ್ತಿದ್ದಾಗ, ಸೈನ್ಯ ಹಿಂದೆಗೆಯುವವರೆಗೂ ಸಾಲದ ನೆರವಿಲ್ಲ ಎಂದರು. ಬ್ರಿಟನ್ ತಲೆ ಬಗ್ಗಿಸಿತು.

ಒಂದೇ ಘಟನೆಯಿಂದ ಎರಡು ದೇಶಗಳು ಎರಡು ಪಾಠ ಕಲಿತವು. ಬ್ರಿಟನ್, ಇನ್ನು ಮುಂದೆ ಅಮೆರಿಕದ ಮಾತು ಮೀರಬಾರದು ಎಂದುಕೊಂಡಿತು. ಇಂದಿಗೂ ಬ್ರಿಟನ್ನಿನ ಅಣ್ವಸ್ತ್ರ ಹೊರುವ ಟ್ರೈಡೆಂಟ್ ಕ್ಷಿಪಣಿಗಳು ಅಮೆರಿಕದವು. ಫ್ರಾನ್ಸ್, ಇನ್ನು ಮುಂದೆ ಅವರ ಹಂಗಿನಲ್ಲಿ ಇರಬಾರದು ಎಂದುಕೊಂಡಿತು. 1960ರಲ್ಲಿ ಸ್ವಂತ ಅಣುಬಾಂಬ್ ಪರೀಕ್ಷೆ ಮಾಡಿತು. ಆ ಪರೀಕ್ಷೆಯನ್ನು ಮಾಡಿದ್ದು ತನ್ನ ನೆಲದಲ್ಲಲ್ಲ, ಅಲ್ಜೀರಿಯಾದ ಮರುಭೂಮಿಯಲ್ಲಿ ಎಂಬುದನ್ನೂ ಮರೆಯಬಾರದು. 1966ರಲ್ಲಿ ಅಧ್ಯಕ್ಷ ದ ಗಾಲ್ ನ್ಯಾಟೋದ ಸೇನಾ ವ್ಯವಸ್ಥೆಯಿಂದ ಹೊರಬಂದು, ವಿದೇಶಿ ಸೈನ್ಯಕ್ಕೆ ಜಾಗ ಖಾಲಿ ಮಾಡಲು ಹೇಳಿದರು. ಪ್ಯಾರಿಸ್‌ನಲ್ಲಿದ್ದ ಕೇಂದ್ರ ಕಚೇರಿ ಬ್ರಸೆಲ್ಸ್‌ಗೆ ಹೋಯಿತು. 2009ರಲ್ಲಿ ಫ್ರಾನ್ಸ್ ಮತ್ತೆ ಸೇರಿತು. ಆದರೆ ಸ್ವಂತ ಬಾಂಬು, ಸ್ವಂತ ರಫೇಲ್ ವಿಮಾನ ಬಿಡಲಿಲ್ಲ. ಆಗೆಲ್ಲ ಉಳಿದವರಿಗೆ ದ ಗಾಲ್ ಜಂಬದ ಮನುಷ್ಯನಾಗಿ ಕಂಡರು. ಈಗ ಅವರೇ ಆ ಪುಸ್ತಕ ತೆಗೆದು ಓದುತ್ತಿದ್ದಾರೆ.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದಾಗ ಯುರೋಪ್ ನಿಟ್ಟುಸಿರು ಬಿಟ್ಟಿತು. ಸೈನ್ಯಕ್ಕೆ ಖರ್ಚು ಕಡಿಮೆ ಮಾಡಿತು. ಆ ಹಣ ಆಸ್ಪತ್ರೆ, ಶಾಲೆ, ಪಿಂಚಣಿಗೆ ಹೋಯಿತು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಅಮೆರಿಕ ಆಗಿನಿಂದಲೂ ‘ನಿಮ್ಮ ಪಾಲು ಕೊಡಿ’ ಎನ್ನುತ್ತಲೇ ಇತ್ತು. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ಕಿತ್ತುಕೊಂಡ ಮೇಲೆ, ಪ್ರತಿ ದೇಶವೂ ತನ್ನ ಒಟ್ಟು ಉತ್ಪನ್ನದ ಶೇ 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡಬೇಕು ಎಂದು ಮಾತಾಯಿತು. ಆ ವರ್ಷ ಅಷ್ಟು ಮಾಡುತ್ತಿದ್ದವು ಮೂರೇ ದೇಶ. ಅಮೆರಿಕದ ದೂರು ಪೂರ್ತಿ ಸುಳ್ಳಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಸಾಕ್ಷಿಯೂ ಇದೆ, ಅದು ಯುರೋಪಿನ ಕಡೆಯದು. ಐದನೇ ವಿಧಿಯನ್ನು ಇಷ್ಟು ವರ್ಷಗಳಲ್ಲಿ ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಮೇಲೆ ಉಗ್ರರ ದಾಳಿ ಆದಾಗ. ಅಂದರೆ ಆಪತ್ತಿಗೆ ಓಡಿ ಹೋದವರು ಯುರೋಪಿನವರು. 60 ಲಕ್ಷ ಜನಸಂಖ್ಯೆಯ ಡೆನ್ಮಾರ್ಕ್ ಅಫ್ಘಾನಿಸ್ತಾನದಲ್ಲಿ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಪುಣೆ ಮಹಾನಗರ ಪ್ರದೇಶಕ್ಕಿಂತ ಕಡಿಮೆ ಜನ ಇರುವ ದೇಶ ಅದು ಎಂದರೆ ನಿಮಗೆ ಅಂದಾಜಾಗುತ್ತದೆ.

ಅಂಥ ಡೆನ್ಮಾರ್ಕಿಗೆ 2025ರ ಜನವರಿಯಲ್ಲಿ ಏನಾಯಿತು? ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯದ ಭಾಗ. ಸುಮಾರು 57 ಸಾವಿರ ಜನ ಇರುವ, ಹಿಮ ಮುಚ್ಚಿದ ದೊಡ್ಡ ದ್ವೀಪ. 1951ರ ಒಪ್ಪಂದದಂತೆ ಅಮೆರಿಕದ ಸೇನಾ ನೆಲೆ ಅಲ್ಲಿ ಇದ್ದೇ ಇದೆ. 2019ರಲ್ಲಿ ಟ್ರಂಪ್ ಆ ದ್ವೀಪವನ್ನು ಕೊಳ್ಳುವ ಮಾತಾಡಿದಾಗ ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ ಅಸಂಬದ್ಧ ಎಂದರು, ಟ್ರಂಪ್ ಸಿಟ್ಟಾಗಿ ಭೇಟಿಯನ್ನೇ ರದ್ದು ಮಾಡಿದರು. ಎರಡನೇ ಸಲ ಅಧಿಕಾರಕ್ಕೆ ಬರುವ ಹೊತ್ತಿಗೆ, ಗ್ರೀನ್‌ಲ್ಯಾಂಡ್‌ಗಾಗಿ ಸೇನೆಯ ಬಲವನ್ನಾಗಲಿ ಆರ್ಥಿಕ ಬಲವನ್ನಾಗಲಿ ಬಳಸುವುದಿಲ್ಲ ಎಂದು ಭರವಸೆ ಕೊಡಲು ಒಪ್ಪಲಿಲ್ಲ. ಕಾವಲಿಗೆಂದು ಇಟ್ಟುಕೊಂಡವನೇ ನಮ್ಮ ಹಿತ್ತಲು ಅಳೆಯುತ್ತಿದ್ದರೆ ರಾತ್ರಿ ನಿದ್ದೆ ಬರುವುದು ಹೇಗೆ? ಕಪ್ಪು ನಕ್ಷತ್ರದ ಮೂಲ ಇದು.

ಉಳಿದದ್ದೆಲ್ಲ ಒಂದರ ಹಿಂದೆ ಒಂದು. ಫೆಬ್ರವರಿ 14ರಂದು ಮ್ಯೂನಿಕ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ಯುರೋಪಿನವರಿಗೇ ಬುದ್ಧಿ ಹೇಳಿದರು. ಫೆಬ್ರವರಿ 28ರಂದು ಶ್ವೇತಭವನದಲ್ಲಿ, ಕ್ಯಾಮೆರಾಗಳ ಎದುರಿಗೇ, ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿಯವರನ್ನು ಗದರಿದರು. ಅದಾದ ವಾರದಲ್ಲೇ ಉಕ್ರೇನಿಗೆ ಶಸ್ತ್ರ ನಿಂತಿತು, ಬೇಹುಗಾರಿಕೆಯ ಮಾಹಿತಿಯೂ ನಿಂತಿತು. ಸುಮಾರು ಒಂದು ವಾರ ಅಷ್ಟೇ, ಮತ್ತೆ ಶುರುವಾಯಿತು. ಆದರೆ ಶತ್ರುವಿನ ವಿಮಾನ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹೇಳುವ ಕಣ್ಣು ಬೇರೆಯವರ ಮುಖದಲ್ಲಿದೆ, ಅವರು ಬೇಕಾದಾಗ ಮುಚ್ಚಬಲ್ಲರು ಎಂಬುದು ಆ ಒಂದು ವಾರದಲ್ಲಿ ಇಡೀ ಯುರೋಪಿಗೆ ಅರ್ಥವಾಯಿತು.

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎನ್ನುತ್ತೇವಲ್ಲ, ಹಾಗೆ ಯುರೋಪ್ ಬಾವಿ ತೋಡಲು ಹೊರಟಿತು. ಸಾಲ ಎಂದರೆ ಪಾಪ ಎಂದು ಬಗೆಯುವ ಜರ್ಮನಿ, ಸಾಲಕ್ಕೆ ಮಿತಿ ಹಾಕಿದ್ದ ತನ್ನ ಸಂವಿಧಾನವನ್ನೇ ಮಾರ್ಚ್‌ನಲ್ಲಿ ತಿದ್ದಿ, ರಕ್ಷಣೆಯ ಖರ್ಚಿಗೆ ವಿನಾಯಿತಿ ಕೊಟ್ಟಿತು. ಚುನಾವಣೆ ಗೆದ್ದ ರಾತ್ರಿಯೇ ಫ್ರೀಡ್ರಿಖ್ ಮೆರ್ಜ್, ಹಂತಹಂತವಾಗಿ ಅಮೆರಿಕದಿಂದ ಸ್ವತಂತ್ರರಾಗುವುದು ತಮ್ಮ ಗುರಿ ಎಂದರು. ಅಮೆರಿಕದ ಅತ್ಯಂತ ನಿಷ್ಠಾವಂತ ಪಕ್ಷದ ನಾಯಕನ ಬಾಯಲ್ಲಿ ಬಂದ ಮಾತು ಅದು. ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ 800 ಬಿಲಿಯನ್ ಯೂರೋಗಳ ಯೋಜನೆ ಮುಂದಿಟ್ಟರು. ಅದರಲ್ಲಿ 150 ಬಿಲಿಯನ್ ಒಕ್ಕೂಟವೇ ಎತ್ತಿ ಕೊಡುವ ಸಾಲ. ಆ ಸಾಲದಲ್ಲಿ ಕೊಳ್ಳುವ ಶಸ್ತ್ರದ ಬಿಡಿಭಾಗಗಳ ಬೆಲೆಯಲ್ಲಿ ಶೇ 65ರಷ್ಟಾದರೂ ಯುರೋಪಿನದೋ ಉಕ್ರೇನಿನದೋ ಇರಬೇಕು ಎಂಬುದು ನಿಯಮ. ನಾನು ಅಲ್ಲಿದ್ದಾಗ, ಜೂನ್ ಕೊನೆಯಲ್ಲಿ, ಹೇಗ್ ನಗರದಲ್ಲಿ ನ್ಯಾಟೋ ಸಭೆ ಆಯಿತು. 2035ರ ಹೊತ್ತಿಗೆ ಶೇ 5 ಎಂದು ಒಪ್ಪಿದರು. ಶೇ 3.5 ನೇರವಾಗಿ ಸೈನ್ಯಕ್ಕೆ, ಶೇ 1.5 ರಸ್ತೆ, ಸೇತುವೆ, ಸೈಬರ್ ರಕ್ಷಣೆಗೆ. ಸ್ಪೇನ್ ಮಾತ್ರ ನಮ್ಮಿಂದಾಗದು ಎಂದಿತು.

ಹಣ ಇದ್ದರೆ ಸಾಕೇ? ಸಾಲದು. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ, 2020ರಿಂದ 2024ರ ನಡುವೆ ನ್ಯಾಟೋದ ಯುರೋಪಿಯನ್ ದೇಶಗಳು ತರಿಸಿಕೊಂಡ ಶಸ್ತ್ರಗಳಲ್ಲಿ ಶೇ 64 ಅಮೆರಿಕದವು. ಅದರ ಹಿಂದಿನ ಐದು ವರ್ಷಗಳಲ್ಲಿ ಅದು ಶೇ 52 ಇತ್ತು. ಹಂಗು ಬೇಡ ಎನ್ನುತ್ತಲೇ ಹಂಗು ಬೆಳೆದಿದೆ! ಒಂದು ಎಫ್-35 ವಿಮಾನ ಕೊಂಡರೆ ವ್ಯವಹಾರ ಅಲ್ಲಿಗೆ ಮುಗಿಯುವುದಿಲ್ಲ. ಮೂವತ್ತು ನಲವತ್ತು ವರ್ಷ ಅದರ ಬಿಡಿಭಾಗ, ಅದರ ಸಾಫ್ಟ್‌ವೇರ್ ಅಮೆರಿಕದಿಂದಲೇ ಬರಬೇಕು.

ಡೆನ್ಮಾರ್ಕಿನ ಇಬ್ಬಂದಿಯನ್ನೇ ನೋಡಿ. ಈ ಸೆಪ್ಟೆಂಬರ್‌ನಲ್ಲಿ ಅದು ದೂರಗಾಮಿ ವಾಯುರಕ್ಷಣೆಗೆ ಅಮೆರಿಕದ ಪೇಟ್ರಿಯಟ್ ಬಿಟ್ಟು, ಫ್ರಾನ್ಸ್-ಇಟಲಿಗಳ ಸ್ಯಾಂಪ್-ಟಿ ಆರಿಸಿಕೊಂಡಿತು. ನಾನು ಫೋನಿನಲ್ಲಿ, “ಭೇಷ್, ಕಡೆಗೂ ಗಟ್ಟಿ ಆದ್ರಿ” ಎಂದೆ. ಅಕ್ಟೋಬರ್‌ನಲ್ಲಿ ಅದೇ ಡೆನ್ಮಾರ್ಕ್ ಇನ್ನೂ 16 ಎಫ್-35 ಕೊಳ್ಳುವುದಾಗಿ ಹೇಳಿತು! ಅಳಿಯನನ್ನು ಕೇಳಿದರೆ, “ಏನ್ ಮಾಡೋದ್ರಿ ಅತ್ತಿ, ಇಷ್ಟು ದಿನ ಅದರ ಮ್ಯಾಲೆ ಪೈಲಟ್‌ರಿಗೆ ತರಬೇತಿ ಆಗೇದ, ಈಗ ಬ್ಯಾರೆ ವಿಮಾನ ಅಂದ್ರ ಮತ್ತ ಹತ್ತು ವರ್ಷ” ಎಂದ. ಹಂಗಿನ ಸ್ವಭಾವವೇ ಅದು. ಒಳಗೆ ಹೋಗುವುದು ಸುಲಭ, ಹೊರಬರಲು ವರ್ಷಗಳು ಬೇಕು.

ಮನೆಯೊಳಗಿನ ಜಗಳ ಇದ್ದದ್ದೇ. ಯೂರೋಫೈಟರ್ ವಿಮಾನವನ್ನು ಕೂಡಿ ಮಾಡಲು ಹೊರಟಾಗ 1985ರಲ್ಲಿ ಫ್ರಾನ್ಸ್ ಬೇರೆಯಾಗಿ ರಫೇಲ್ ಮಾಡಿತು. ಈಗ ಮುಂದಿನ ಪೀಳಿಗೆಯ ವಿಮಾನಕ್ಕೆ ಫ್ರಾನ್ಸ್, ಜರ್ಮನಿ, ಸ್ಪೇನ್ ಒಂದು ಕಡೆ ಸೇರಿವೆ, ಅಲ್ಲಿಯೂ ಯಾರ ಪಾಲು ಎಷ್ಟು ಎಂಬ ತಕರಾರು. ಬ್ರಿಟನ್ ಮತ್ತು ಇಟಲಿ ಜಪಾನಿನ ಜೊತೆ ಬೇರೆಯೇ ಒಲೆ ಹೂಡಿವೆ. ಅಣ್ವಸ್ತ್ರದ ಮಾತು ಇನ್ನೂ ಕಷ್ಟದ್ದು. ಫ್ರಾನ್ಸ್ ಬಳಿ ಸುಮಾರು 290, ಬ್ರಿಟನ್ ಬಳಿ ಸುಮಾರು 225 ಸಿಡಿತಲೆಗಳು. ರಷ್ಯಾದ ಬಳಿ 5,000ಕ್ಕೂ ಹೆಚ್ಚು. ಈ ಜುಲೈನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್, ತಮ್ಮ ಅಣ್ವಸ್ತ್ರಗಳ ವಿಷಯದಲ್ಲಿ ಪರಸ್ಪರ ಹೊಂದಿಸಿಕೊಂಡು ನಡೆಯುವ ಘೋಷಣೆ ಮಾಡಿದವು. ಬಾಂಬುಗಳ ಲೆಕ್ಕದಲ್ಲಿ ನೆಮ್ಮದಿ ಹುಡುಕುವ ಕಾಲ ಮತ್ತೆ ಬಂತಲ್ಲ ಎಂದು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನು ದುಡ್ಡಿನ ಹಂಗು. 2021ರಲ್ಲಿ ಯುರೋಪಿಯನ್ ಒಕ್ಕೂಟ ಆಮದು ಮಾಡಿಕೊಳ್ಳುತ್ತಿದ್ದ ಗ್ಯಾಸಿನಲ್ಲಿ ಹತ್ತಿರ ಹತ್ತಿರ ಅರ್ಧ ರಷ್ಯಾದ್ದು. ಉಕ್ರೇನ್ ಯುದ್ಧ ಶುರುವಾದ ಮೇಲೆ ಆ ನಲ್ಲಿ ಬಹುಮಟ್ಟಿಗೆ ಬಂದಾಯಿತು. ಆಗ ಹಡಗಿನಲ್ಲಿ ದ್ರವರೂಪದ ಗ್ಯಾಸ್ ತಂದುಕೊಟ್ಟದ್ದು ಮುಖ್ಯವಾಗಿ ಅಮೆರಿಕ. ಒಬ್ಬ ಸಾಹುಕಾರನ ಸಾಲ ತೀರಿಸಲು ಇನ್ನೊಬ್ಬ ಸಾಹುಕಾರನ ಬಳಿ ಹೋದ ಹಾಗಾಯಿತು. ಈ ಜುಲೈ 27ರಂದು ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ, ಟ್ರಂಪ್ ಅವರದೇ ಗಾಲ್ಫ್ ರೆಸಾರ್ಟಿನಲ್ಲಿ, ವ್ಯಾಪಾರದ ಒಪ್ಪಂದ ಆಯಿತು. ಯುರೋಪಿನ ಹೆಚ್ಚಿನ ಮಾಲಿಗೆ ಶೇ 15 ಸುಂಕ, ಉಕ್ಕಿಗೆ ಶೇ 50. ಮೂರು ವರ್ಷಗಳಲ್ಲಿ 750 ಬಿಲಿಯನ್ ಡಾಲರ್ ಬೆಲೆಯ ಅಮೆರಿಕದ ತೈಲ, ಗ್ಯಾಸ್, ಅಣುಇಂಧನ ಕೊಳ್ಳುವ ಮಾತು ಬೇರೆ. 45 ಕೋಟಿ ಜನರ ಮಾರುಕಟ್ಟೆ ಇರುವ ಒಕ್ಕೂಟ ಹೀಗೆ ಒಪ್ಪಿದ್ದೇಕೆ ಎಂದು ಅಲ್ಲಿನ ಪತ್ರಿಕೆಗಳು ಕಿಡಿಕಾರಿದವು. ಉತ್ತರ ಎಲ್ಲರಿಗೂ ಗೊತ್ತಿತ್ತು. ವ್ಯಾಪಾರದಲ್ಲಿ ಜೋರು ಮಾಡಿದರೆ ಉಕ್ರೇನಿನಲ್ಲಿ ಕೈಬಿಟ್ಟಾರು ಎಂಬ ಭಯ. ರಕ್ಷಣೆಗೆ ಇನ್ನೊಬ್ಬರನ್ನು ನಂಬಿದವರು ಅಂಗಡಿಯಲ್ಲಿ ಚೌಕಾಶಿ ಮಾಡಲಾರರು. ನನ್ನ ಇಂದಿನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಕಾರ್ಡ್ ಉಜ್ಜುವುದೂ ಹಂಗೇ. 2025ರಲ್ಲಿ ಯೂರೋ ಬಳಸುತ್ತಿದ್ದ 20 ದೇಶಗಳಲ್ಲಿ 13ಕ್ಕೆ ಸ್ವಂತ ಕಾರ್ಡ್ ವ್ಯವಸ್ಥೆ ಇರಲಿಲ್ಲ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಮೇಲೆಯೇ ನಡೆಯಬೇಕಿತ್ತು. 2018ರಲ್ಲಿ ಅಮೆರಿಕ ಇರಾನ್ ಒಪ್ಪಂದದಿಂದ ಹೊರಬಂದಾಗ, ಇರಾನ್ ಜೊತೆ ವ್ಯವಹರಿಸಲು ಬ್ರಿಟನ್, ಫ್ರಾನ್ಸ್, ಜರ್ಮನಿಗಳು ಡಾಲರಿನ ಗೊಡವೆ ಇಲ್ಲದ ಒಂದು ಸಂಸ್ಥೆ ಕಟ್ಟಿದವು. ಅದರ ಹೆಸರು ಇನ್‌ಸ್ಟೆಕ್ಸ್. ಅದರ ಮೂಲಕ ನಡೆದದ್ದು ಒಂದೇ ಒಂದು ವ್ಯವಹಾರ, ಔಷಧಿ ಸಾಮಗ್ರಿಯದು. 2023ರಲ್ಲಿ ಬಾಗಿಲು ಹಾಕಿತು. ಅಮೆರಿಕದ ಕೋಪಕ್ಕೆ ಹೆದರಿ ಯಾವ ದೊಡ್ಡ ಕಂಪನಿಯೂ ಅದರ ಬಳಿ ಸುಳಿಯಲಿಲ್ಲ. ಈ ವಿಷಯದಲ್ಲಿ ನಾವು ಸ್ವಲ್ಪ ಬೆನ್ನು ತಟ್ಟಿಕೊಳ್ಳಬಹುದು. ನಮ್ಮಲ್ಲಿ 2012ರಿಂದ ರುಪೇ ಇದೆ, 2016ರಿಂದ ಯುಪಿಐ ಇದೆ. ನಮ್ಮ ಕೊತ್ತಂಬರಿ ಸೊಪ್ಪಿನ ಮೌಶಿಗೆ ಹತ್ತು ರೂಪಾಯಿ ಕೊಡಲು ಯಾವ ಪರದೇಶದ ಅಪ್ಪಣೆಯೂ ಬೇಡ. ಯುರೋಪ್ ಈಗ ವೇರೋ ಎಂಬ ಪಾವತಿ ವ್ಯವಸ್ಥೆ ಶುರು ಮಾಡಿದೆ, ಡಿಜಿಟಲ್ ಯೂರೋ ತರಲು ಹೊರಟಿದೆ. ಡೆನ್ಮಾರ್ಕಿನ ಡಿಜಿಟಲ್ ಸಚಿವಾಲಯ ಮೈಕ್ರೋಸಾಫ್ಟ್ ಬಿಟ್ಟು, ಯಾರ ಒಡೆತನವೂ ಇಲ್ಲದ ಲಿಬ್ರೆಆಫೀಸ್ ಕಡೆಗೆ ಹೋಗುವುದಾಗಿ ಹೇಳಿದೆ.

ಮಗಳ ವಿಷಯಕ್ಕೆ ಬರುತ್ತೇನೆ. ನಾನು ಹೊರಡುವ ವಾರ, ಆಗಸ್ಟ್ 22ರಂದು, ಅಮೆರಿಕದ ಕರಾವಳಿಯಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಪನಿ ಕಟ್ಟುತ್ತಿದ್ದ ಗಾಳಿವಿದ್ಯುತ್ ಯೋಜನೆಯನ್ನು ಅಮೆರಿಕದ ಸರಕಾರ ನಿಲ್ಲಿಸಿತು. ಶೇ 80ರಷ್ಟು ಕೆಲಸ ಮುಗಿದಿತ್ತು. ಒಂದು ತಿಂಗಳ ಮೇಲೆ ನ್ಯಾಯಾಲಯ ಆ ತಡೆ ತೆಗೆಯಿತು. ಆದರೆ ಮೊದಲೇ ಕಷ್ಟದಲ್ಲಿದ್ದ ಉದ್ಯಮಕ್ಕೆ ಅದು ದೊಡ್ಡ ಪೆಟ್ಟು. ಅಕ್ಟೋಬರ್‌ನಲ್ಲಿ ಆ ಕಂಪನಿ 2027ರೊಳಗೆ ಸುಮಾರು 2,000 ಹುದ್ದೆ ಕಡಿತ ಮಾಡುವುದಾಗಿ ಹೇಳಿತು. ನನ್ನ ಮಗಳು ಇರುವುದು ಆ ಕಂಪನಿಯಲ್ಲಲ್ಲ, ಅದೇ ಉದ್ಯಮದ ಒಂದು ಸಣ್ಣ ಕಚೇರಿಯಲ್ಲಿ. ಆದರೂ ಆ ರಾತ್ರಿ ಅವಳು ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿದ್ದಳು. ಸಾವಿರಾರು ಮೈಲಿ ಆಚೆ ಒಬ್ಬರು ಹಾಕಿದ ಸಹಿ ನನ್ನ ಮಗಳ ಅಡುಗೆಮನೆಗೆ ಬಂದು ಕೂತಿತ್ತು.

ಹಾಗಾದರೆ ಸ್ವಾವಲಂಬನೆಗೆ ಬೆಲೆ ಯಾರು ತೆರುತ್ತಾರೆ? ಹೆಂಗಸರಾಗಿ ನಾವು ಕೇಳಬೇಕಾದ ಪ್ರಶ್ನೆ ಇದು. ಡೆನ್ಮಾರ್ಕಿನಲ್ಲಿ 1686ರಿಂದ ‘ಮಹಾಪ್ರಾರ್ಥನೆಯ ದಿನ’ ಎಂಬ ಹಬ್ಬದ ರಜೆ ಇತ್ತು. ರಕ್ಷಣೆಗೆ ಹಣ ಬೇಕು ಎಂದು 2024ರಿಂದ ಆ ರಜೆಯನ್ನೇ ತೆಗೆದರು. ಸಾವಿರಾರು ಜನ ಬೀದಿಗಿಳಿದರೂ ಸರಕಾರ ಬಗ್ಗಲಿಲ್ಲ. ಬ್ರಿಟನ್ ತನ್ನ ಸೈನ್ಯದ ಖರ್ಚು ಹೆಚ್ಚಿಸಲು ಬಡ ದೇಶಗಳಿಗೆ ಕೊಡುವ ನೆರವನ್ನು ಶೇ 0.5ರಿಂದ 0.3ಕ್ಕೆ ಇಳಿಸುತ್ತಿದೆ. ಆ ನೆರವಿನ ಹೊಣೆ ಹೊತ್ತಿದ್ದ ಸಚಿವೆ ಆನೆಲೀಸ್ ಡಾಡ್ಸ್ ಒಪ್ಪದೆ ರಾಜೀನಾಮೆ ಕೊಟ್ಟರು. ಬಂದೂಕಿನ ದುಡ್ಡು ಆಕಾಶದಿಂದ ಬೀಳುವುದಿಲ್ಲ. ಯಾವುದೋ ಹೆರಿಗೆ ಆಸ್ಪತ್ರೆಯಿಂದ, ಯಾವುದೋ ಅಂಗನವಾಡಿಯಿಂದ, ಯಾರದೋ ರಜೆಯಿಂದ ಬರುತ್ತದೆ.

ಕೊನೆಗೆ ಬೆಲೆ ಮಕ್ಕಳ ತನಕ ಬರುತ್ತದೆ. ನನ್ನ ಮೊಮ್ಮಗಳಿಗೆ ಈಗ ಹದಿನೇಳು. ಹುಟ್ಟಿದ್ದು ಅಲ್ಲೇ, ಶಾಲೆ ಅಲ್ಲೇ, ಪಾಸ್‌ಪೋರ್ಟ್ ಮಾತ್ರ ನಮ್ಮದು. ಡೆನ್ಮಾರ್ಕಿನ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದು ಅವಳ ಆಸೆ. ಅಷ್ಟರಲ್ಲಿ ಹೊಸ ಕಾನೂನು ಬಂತು. 2025ರ ಜುಲೈ 1ರ ನಂತರ ಹದಿನೆಂಟು ತುಂಬುವ ಹೆಣ್ಣುಮಕ್ಕಳ ಹೆಸರೂ ಗಂಡುಮಕ್ಕಳ ಹಾಗೆಯೇ ಸೇನಾಸೇವೆಯ ಚೀಟಿ ಎತ್ತುವಿಕೆಗೆ ಬರುತ್ತದೆ. ತಾವಾಗಿ ಬಂದವರು ಸಾಲದಿದ್ದರೆ ಚೀಟಿ. ಮೊದಲು ನಾಲ್ಕು ತಿಂಗಳಿದ್ದ ಸೇವೆ 2026ರಿಂದ ಹನ್ನೊಂದು ತಿಂಗಳು. ನಾರ್ವೆ, ಸ್ವೀಡನ್‌ಗಳಲ್ಲಿ ಇದು ಮೊದಲೇ ಬಂದಿದೆ.

ಜುಲೈ 1ರ ರಾತ್ರಿ ಊಟಕ್ಕೆ ಕೂತಾಗ ನಾನೇ ಬಾಯಿ ಹಾಕಿದೆ. “ಸದ್ಯಕ್ಕ ಅರ್ಜಿ ಬ್ಯಾಡ. ಇಪ್ಪತ್ತೈದು ಆಗಲಿ, ನೋಡೋಣ” ಎಂದೆ. ಮಗಳು ಮಾತಾಡಲಿಲ್ಲ. ಮೊಮ್ಮಗಳು ತನ್ನ ಮುರುಕು ಕನ್ನಡದಲ್ಲಿ, “ಅಜ್ಜಿ, ಪಾಸ್‌ಪೋರ್ಟ್ ಬೇಕು, ಚೀಟಿ ಬ್ಯಾಡ ಅಂದ್ರ ಹೆಂಗ? ನನ್ನ ಫ್ರೆಂಡ್ಸ್ ಎಲ್ಲಾರ ಹೆಸರೂ ಅದರಾಗ ಅದ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. 28 ವರ್ಷ ತರಗತಿಯಲ್ಲಿ ಹಕ್ಕು ಮತ್ತು ಕರ್ತವ್ಯ ಎಂಬ ಪಾಠ ಮಾಡಿದವಳು ನಾನು. ರಕ್ಷಣೆ ಎಂಬುದನ್ನು ಬೇರೆಯವರ ಮಕ್ಕಳ ಕೈಯಿಂದ ಮಾಡಿಸಿಕೊಳ್ಳಬೇಕು, ನಮ್ಮ ಮಕ್ಕಳು ಬೆಚ್ಚಗಿರಬೇಕು ಎಂಬ ನನ್ನ ಆಸೆ, ಎಪ್ಪತ್ತೈದು ವರ್ಷ ಯುರೋಪ್ ಅಮೆರಿಕದ ವಿಷಯದಲ್ಲಿ ಇಟ್ಟುಕೊಂಡಿದ್ದ ಆಸೆಯೇ ಅಲ್ಲವೇ? ಅಂದು ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಇಷ್ಟು ಜನರ ಮುಂದೆ ಹೇಳಲು ಸಂಕೋಚವೇ ಆಗುತ್ತದೆ.

ನಮ್ಮ ದೇಶವೂ ಈ ದಾರಿಯಲ್ಲಿ ನಡೆದು ಬಂದಿದೆ. 1965-66ರ ಬರಗಾಲದಲ್ಲಿ ನಾನು ಧಾರವಾಡದಲ್ಲಿ ಪುಟ್ಟ ಹುಡುಗಿ. ಜೋಳದ ರೊಟ್ಟಿಯ ಮನೆಗೆ ರೇಷನ್ ಅಂಗಡಿಯಿಂದ ಅಮೆರಿಕದ ಗೋಧಿ ಬರುತ್ತಿತ್ತು. ಅವ್ವ ಅದನ್ನು ಆರಿಸುತ್ತ ಗೊಣಗುತ್ತಿದ್ದಳು. ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ತಿಂಗಳು ತಿಂಗಳು ಅಳೆದು ಬಿಡುತ್ತಿದ್ದರು, ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ನಮ್ಮ ಪುಣೆಯಲ್ಲೇ ಐವತ್ತರ ದಶಕದಲ್ಲಿ ಮೊದಲು ಕಣ್ಣಿಗೆ ಬಿದ್ದ ಪಾರ್ಥೇನಿಯಂ ಕಳೆ ಆ ದೇಶದ ಗೋಧಿಯ ಜೊತೆ ಬಂತು ಎಂದು ಜನ ಇಂದಿಗೂ ಹೇಳುತ್ತಾರೆ. 1998ರಲ್ಲಿ ಪೋಖರಣ್ ಪರೀಕ್ಷೆಯ ನಂತರ, ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ತೇಜಸ್ ವಿಮಾನದ ನಿಯಂತ್ರಣ ವ್ಯವಸ್ಥೆಗೆ ಕೆಲಸ ಮಾಡಲು ಅಮೆರಿಕಕ್ಕೆ ಹೋಗಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳಿಸಿದರು. ಅವರು ಬೆಂಗಳೂರಿನಲ್ಲೇ ಕೂತು ಕೆಲಸ ಮುಗಿಸಿದರು. 2001ರ ಜನವರಿ 4ರಂದು ತೇಜಸ್ ಹಾರಿತು. ಆದರೆ ಅದರ ಎಂಜಿನ್ ಇಂದಿಗೂ ಅಮೆರಿಕದ್ದೇ. 2021ರಲ್ಲಿ ಬೇಡಿಕೆ ಇಟ್ಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅರ್ಧ ಸ್ವಾವಲಂಬನೆ ಎಂದರೆ ಇದೇ. ಹಾಗಾಗಿ ಯುರೋಪನ್ನು ನೋಡಿ ನಗುವ ಹಕ್ಕು ನಮಗಿಲ್ಲ.

ಇಷ್ಟೆಲ್ಲ ಓದಿ, ನೋಡಿ ನನಗೆ ಅನಿಸಿದ್ದು ಇಷ್ಟು. ಹಂಗು ಬೇರೆ, ನಂಟು ಬೇರೆ. ಯುರೋಪ್ ಅಮೆರಿಕದ ನಂಟು ಕಡಿದುಕೊಳ್ಳಬೇಕಿಲ್ಲ. ರಷ್ಯಾದ ಮಗ್ಗುಲಲ್ಲಿರುವ ಎಸ್ಟೋನಿಯಾ, ಪೋಲೆಂಡ್‌ನವರು ಅದನ್ನು ಕಡಿಯಬೇಡಿ ಎಂದು ಬೇಡಿಕೊಳ್ಳುತ್ತಿದ್ದಾರೆ. ಸೈಬೀರಿಯಾ ನೋಡಿ ಬಂದ ಮನೆಗಳ ಆ ಭಯವನ್ನು ನಾವು ಹಗುರ ಮಾಡಬಾರದು. ಆದರೆ ನಂಟು ಗೌರವದಿಂದ ಉಳಿಯಬೇಕಾದರೆ ಬೇಡ ಎನ್ನುವ ಶಕ್ತಿ ಇರಬೇಕು. ತನ್ನದೇ ಸಂಪಾದನೆ ಇರುವ ಹೆಣ್ಣುಮಗಳು ಗಂಡನ ಮನೆಯಲ್ಲಿ ಇದ್ದರೂ ತನ್ನ ಇಷ್ಟದಿಂದ ಇರುತ್ತಾಳೆ. ಬೇರೆ ದಾರಿ ಇಲ್ಲದೆ ಇರುವವಳ ಮೌನಕ್ಕೆ ನಾವು ‘ಹೊಂದಾಣಿಕೆ’ ಎಂದು ಒಳ್ಳೆಯ ಹೆಸರು ಕೊಡುತ್ತೇವೆ, ಅಷ್ಟೇ. ಆ ವ್ಯತ್ಯಾಸ ಈ ಸಭಾಂಗಣದಲ್ಲಿ ಕೂತ ಯಾರಿಗೂ ನಾನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಆ ಶಕ್ತಿ ಗಳಿಸುವಾಗ ಬೆಲೆ ಮನೆಯ ದುರ್ಬಲರ ತಟ್ಟೆಯಿಂದಲೇ ಹೋಗದಂತೆ ನೋಡಿಕೊಳ್ಳುವುದು ಯುರೋಪಿನ ಎದುರಿಗಿರುವ ನಿಜವಾದ ಪರೀಕ್ಷೆ. ಶಸ್ತ್ರವನ್ನು ಹೇಗಾದರೂ ಕೊಳ್ಳಬಹುದು. ಆಸ್ಪತ್ರೆ ಮುಚ್ಚಿಸಿಕೊಂಡ ಜನ ಆ ಶಸ್ತ್ರ ಹಿಡಿದು ಯಾವುದನ್ನು ಕಾಯಬೇಕು?

ಕಳೆದ ವಾರ ಮೊಮ್ಮಗಳು ಫೋನ್ ಮಾಡಿದ್ದಳು. ಅರ್ಜಿಗೆ ಬೇಕಾದ ಕಾಗದಪತ್ರ ಜೋಡಿಸುತ್ತಿದ್ದಾಳೆ. ಅವಳ ಅಪ್ಪ-ಅಮ್ಮ ಇನ್ನೂ ಒಂದು ಮಾತಿಗೆ ಬಂದಿಲ್ಲ. ನನ್ನನ್ನು ಕೇಳಿದಳು, “ಅಜ್ಜಿ, ನಿಂದು ಈಗ ಏನು?” ಎಂದು. “ನಿನ್ನ ಹೆಸರು, ನಿನ್ನ ಸಹಿ. ಯೋಚನೆ ಮಾಡಿ ಹಾಕು. ನಾನು ಬ್ಯಾಡ ಅನ್ನೂದಿಲ್ಲ” ಎಂದೆ. ಹೇಳಿದೆ, ಆದರೆ ಫೋನ್ ಇಟ್ಟ ಮೇಲೆ ದೇವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತೆ.